ಸಫಾರಿ ತಗ್ಗಿತು, ಅಪ್ಪ ಬಸ್ಸು ಹತ್ತಿದರು

ತುಂಬಾ ದಿನದಿಂದ ಇದನ್ನ ಬರೀಬೇಕು ಅಂದ್ಕೊಂಡು, ನಾಚಿಕೆಯಾಗಿ ಬಿಟ್ಟುಬಿಡ್ತಿದ್ದೆ. ನಿನ್ನೆ ಅಪ್ಪ ಊರಿಂದ ಬಂದ್ರು. ಹಾಗಾಗಿ ಇವತ್ತು ಬರೆದೇ ಬಿಡೋಣ ಅಂತ ಕೂತೆ.

ಬಂದಿದ್ದು ಹೇಗೆ ಗೊತ್ತಾ? ಅರಕಲಗೂಡಿಂದ ಕೆಂಪು ಬಸ್ಸಲ್ಲಿ ಮೆಜೆಸ್ಟಿಕ್ಕು, ಅಲ್ಲಿಂದ ಹಸಿರು ಮೆಟ್ರೋ ಹಿಡಿದು ಆರ್.ವಿ. ರೋಡು, ಅಲ್ಲಿ ಹಳದಿ ಮೆಟ್ರೋಗೆ ಬದಲಾಯಿಸಿ ನಮ್ಮ ಸಿಂಗಸಂದ್ರ. 2025ರ ಆಗಸ್ಟಲ್ಲಿ ಹಳದಿ ಲೈನು ಶುರುವಾದಾಗಿಂದ ಅವರಿಗೆ ಇದೊಂದು ಒಳ್ಳೆ ನೆಪ ಸಿಕ್ಕಿದೆ. "ಮೆಟ್ರೋ ಐತಲ್ಲ ಮಗ, ಗಾಡಿ ಯಾಕೆ ಸುಮ್ನೆ" ಅಂತಾರೆ. ಆದ್ರೆ ಕಾರಣ ಮೆಟ್ರೋ ಅಲ್ಲ ಅಂತ ನಂಗೂ ಗೊತ್ತು, ಅವರಿಗೂ ಗೊತ್ತು. ಕಾರಣ ನಮ್ಮನೆ ಕೆಳಗೆ ನಿಂತಿರೋ ಸಫಾರಿ. ಸರಿಯಾಗಿ ಹೇಳ್ಬೇಕು ಅಂದ್ರೆ, ಸಫಾರಿಗೆ ನಾನು ಮಾಡಿದ ಕೆಲಸ.

ಅದು 2011ರ ಸಫಾರಿ ಡೈಕೋರ್. 2021ರಲ್ಲಿ ಟಾಟಾದವರು ಅದೇ ಹೆಸರಿಟ್ಟು ಬಿಟ್ಟ ಹೊಸ ಸಫಾರಿ ಇದೆಯಲ್ಲ, ಅದು ಬೇರೆ ಜಾತಿ. ಇದು 1998ರಲ್ಲಿ ಶುರುವಾದ ಹಳೇ ವಂಶದ್ದು. ಲಾರಿ ಥರ ಚಾಸಿಸ್, ಅದರ ಮೇಲೆ ಬಾಡಿ. ಸುಮಾರು ಎರಡು ಟನ್ ತೂಕ, ಹಿಂದಿನ ಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ, ಒಳಗೆ ಕೂತ್ರೆ ಆನೆ ಮೇಲೆ ಕೂತ ಹಾಗೆ. 2014ರಲ್ಲಿ ಅಪ್ಪ ಇದನ್ನ ಸಕಲೇಶಪುರದ ಕಡೆಯ ಒಬ್ಬ ಪ್ಲಾಂಟರ್ ಹತ್ತಿರ ಸೆಕೆಂಡ್ ಹ್ಯಾಂಡಲ್ಲಿ ತಗೊಂಡ್ರು. ಎರಡು ವರ್ಷದ ಆಲೂಗಡ್ಡೆ, ಶುಂಠಿ ದುಡ್ಡು ಪೂರಾ ಅದಕ್ಕೇ ಹೋಯ್ತು. ಆಗ ನಾನು ಪಿಯುಸಿಗೆ ಸೇರೋ ಹೊತ್ತು. ಊರೊಳಗೆ ಗಾಡಿ ಬಂದ ದಿನ ಅಪ್ಪ ಗೇರ್ ಮೇಲಿಂದ ಕೈ ತೆಗೀದೇ, ಬೇಕಂತಲೇ ನಿಧಾನವಾಗಿ, ಎರಡು ಸುತ್ತು ಹಾಕಿದ್ದು ನೆನಪಿದೆ. ಮದುವೆ, ಆಸ್ಪತ್ರೆ, ಧರ್ಮಸ್ಥಳ, ಗೊಬ್ಬರದ ಮೂಟೆ... ಎಲ್ಲಕ್ಕೂ ಅದೇ.

2023ರಲ್ಲಿ ಅಪ್ಪಂಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. "ಇಲ್ಲಿ ನಿಂತು ತುಕ್ಕು ಹಿಡಿಯೋದ್ರ ಬದ್ಲು ನೀನೇ ಓಡ್ಸು" ಅಂತ ಕೀ ಕೊಟ್ರು. ಗಾಡಿ ಸಿಂಗಸಂದ್ರಕ್ಕೆ ಬಂತು.

ಇಲ್ಲಿಂದ ನಾಚಿಕೆ ಶುರು. ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ ಎಲ್ಲಾ ನುಣ್ಣಗಿನ ಸಣ್ಣ ಎಸ್‌ಯುವಿಗಳು. ಅವುಗಳ ಮಧ್ಯೆ ಕೆಎ 13 ನಂಬರಿನ, ವೀಲ್ ಆರ್ಚಲ್ಲಿ ಇನ್ನೂ ಅರಕಲಗೂಡಿನ ಕೆಮ್ಮಣ್ಣು ಅಂಟಿಕೊಂಡಿರೋ ಈ ಗಾಡಿ. ಆಫೀಸಲ್ಲಿ ಒಬ್ಬ "ಏನ್ ಗುರು, ಎಲೆಕ್ಷನ್ ಕ್ಯಾನ್ವಾಸಾ?" ಅಂದ. ನಕ್ಕೆ. ಆದ್ರೆ ಒಳಗೆ ಚುಚ್ಚಿತು. ರಾತ್ರಿ ಹೊತ್ತು ಯೂಟ್ಯೂಬಲ್ಲಿ ಅಮೆರಿಕದವರು ತಮ್ಮ ತಾಹೋ, ಎಸ್ಕಲೇಡ್ ಥರದ ದೊಡ್ಡ ಗಾಡಿಗಳನ್ನ ನೆಲಕ್ಕೆ ತಗ್ಗಿಸಿ, ದೊಡ್ಡ ವೀಲ್ ಹಾಕಿ ಓಡ್ಸೋ ವಿಡಿಯೋ ನೋಡೋ ಚಟ ಹತ್ತಿತು. ಎಷ್ಟು ಚೆಂದ ಕಾಣುತ್ತೆ ಅಂದ್ರೆ... ಅದೇ ದೈತ್ಯ ದೇಹ, ಆದ್ರೆ ಹುಲಿ ಹೊಂಚು ಹಾಕಿ ಕೂತ ಹಾಗೆ.

ಮನೇಲಿ ಮಾತ್ರ ನಾನು ಹೇಳಿದ ಕಾರಣ ಬೇರೆ. "ಅಮ್ಮಂಗೆ ಮಂಡಿ ನೋವು, ಹತ್ತೋಕೆ ಕಷ್ಟ, ಸ್ವಲ್ಪ ತಗ್ಗಿಸ್ತೀನಿ" ಅಂದೆ. ಅಮ್ಮನ ಮಂಡಿಗೆ ಒಂದು ಒಳ್ಳೆ ಫುಟ್‌ಬೋರ್ಡ್ ಸಾಕಿತ್ತು. ಅದು ನಂಗೆ ಆಗಲೂ ಗೊತ್ತಿತ್ತು.

ಈಗ ಸ್ವಲ್ಪ ತಾಂತ್ರಿಕ ವಿಷಯ. ಬೇಜಾರಾದ್ರೆ ಎರಡು ಪ್ಯಾರಾ ಹಾರಿಸಿ ಬನ್ನಿ :-)

ನಾನು ಓದಿದ್ದು ಮೆಕ್ಯಾನಿಕಲ್, ಮಾಡೋದು ಸಾಫ್ಟ್‌ವೇರ್. ಬೆಂಗಳೂರಲ್ಲಿ ಈ ಜಾತಿಯವರು ಗಲ್ಲಿಗೊಬ್ಬರು. ಈ ಹಳೇ ಸಫಾರಿಗೆ ಮುಂದೆ ಟಾರ್ಷನ್ ಬಾರ್ ಸಸ್ಪೆನ್ಷನ್. ಸ್ಪ್ರಿಂಗ್ ಬದಲು ಉದ್ದನೆ ಉಕ್ಕಿನ ಸರಳು, ಅದು ತಿರುಚಿಕೊಂಡು ಗಾಡಿಯ ಭಾರ ಹೊರುತ್ತೆ. ಸರಳಿನ ತುದೀಲಿ ಒಂದು ಬೋಲ್ಟ್ ಇರುತ್ತೆ, ಅದನ್ನ ಸಡಿಲ ಮಾಡಿದ್ರೆ ಮೂತಿ ತಗ್ಗುತ್ತೆ, ಬಿಗಿ ಮಾಡಿದ್ರೆ ಏರುತ್ತೆ. ಒಂದು ಪೈಸೆ ಸಾಮಾನು ಬೇಡ. ಹಿಂದೆ ಮಾತ್ರ ಕಾಯಿಲ್ ಸ್ಪ್ರಿಂಗ್. ಅಮೆರಿಕದವರಿಗೆ ಅವರ ಗಾಡಿಗಳಿಗೆ ಲೆಕ್ಕ ಹಾಕಿ ಮಾಡಿದ ಗಿಡ್ಡ ಸ್ಪ್ರಿಂಗು, ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್, ವೀಲನ್ನೇ ಮೇಲೆ ಕೂರಿಸೋ ಬೇರೆ ಸ್ಪಿಂಡಲ್, ಎಲ್ಲಾ ಡಬ್ಬದಲ್ಲಿ ಸಿಗುತ್ತೆ. ನಾನು ಹುಡುಕಿದ ಕಡೆಯೆಲ್ಲಾ ಸಫಾರಿಗೆ ಅಂಥದ್ದು ಸಿಗಲಿಲ್ಲ. ಹೊಸೂರು ರೋಡ್ ಪಕ್ಕದ ಒಂದು ಗ್ಯಾರೇಜಲ್ಲಿ ಕೇಳಿದ್ರೆ ಭಾಯ್ ಹೇಳಿದ್ದು ಒಂದೇ ಮಾತು: "ಟೆನ್ಷನ್ ಬ್ಯಾಡಿ ಸಾರ್, ಕಟ್ ಮಾಡಣ."

ಸ್ಪ್ರಿಂಗನ್ನ ಕತ್ತರಿಸೋದು! ಅದು ಗಿಡ್ಡ ಮಾತ್ರ ಆಗಲ್ಲ, ಗಡಸೂ ಆಗುತ್ತೆ. ಎಂಟು ಸುತ್ತು ಕೆಲಸ ಮಾಡೋ ಸ್ಪ್ರಿಂಗಲ್ಲಿ ಒಂದೂವರೆ ಸುತ್ತು ತೆಗೆದ್ರೆ ಉಳಿಯೋದು ಆರೂವರೆ. 8 ಭಾಗಿಸು 6.5, ಅಂದ್ರೆ ಶೇಕಡಾ 23ರಷ್ಟು ಹೆಚ್ಚು ಗಡಸು. ಎರಡನೇ ಪ್ರಯತ್ನದಲ್ಲಿ ಪಾಸಾದ ಮಷೀನ್ ಡಿಸೈನ್ ಪೇಪರು ಇಷ್ಟಾದ್ರೂ ಕಲಿಸಿತ್ತು. ಗಡಸಾದ್ರೆ ತಿರುವಲ್ಲಿ ಗಾಡಿ ಕಡಿಮೆ ವಾಲುತ್ತೆ, ಒಳ್ಳೇದೇ ಆಯ್ತಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಎರಡು ಇಂಚು ತಗ್ಗಿಸಿದ್ವಿ, ಹಿಂದೆ ಮುಂದೆ ಎರಡೂ ಕಡೆ. ಮಜಾ ಏನಂದ್ರೆ, ಹಿಂದಿನ ಆಕ್ಸಲ್ ಮಧ್ಯದ ಡಿಫರೆನ್ಷಿಯಲ್ ಗುಂಡು ಒಂದು ಕೂದಲೆಳೆಯೂ ತಗ್ಗಲ್ಲ. ಅದು ಟೈರಿನ ಎತ್ತರದ ಮೇಲೆ ನಿಂತಿರುತ್ತೆ, ಸ್ಪ್ರಿಂಗ್ ಮೇಲಲ್ಲ. ತಗ್ಗೋದು ಚಾಸಿಸ್ಸು, ಟ್ಯಾಂಕು, ಮುಂದಿನ ಕ್ರಾಸ್ ಮೆಂಬರ್ರು.

ಆ ಕ್ರಾಸ್ ಮೆಂಬರ್ರೇ ನಮ್ಮ ಬೀದಿಯ ಹಂಪುಗಳಿಗೆ ಮುತ್ತು ಕೊಡೋಕೆ ಶುರು ಮಾಡ್ತು. ರಸ್ತೆ ಹಂಪು ಹೇಗಿರಬೇಕು ಅಂತ ಇಂಡಿಯನ್ ರೋಡ್ ಕಾಂಗ್ರೆಸ್ಸಿನ ನಿಯಮ ಇದೆ, ಐಆರ್‌ಸಿ 99. 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮಾಗಿ ದಾಟೋ ಹಾಗೆ. ಸಿಂಗಸಂದ್ರದ ಒಳರಸ್ತೆಯ ಹಂಪು ನೋಡಿದೋರು ಈ ವಾಕ್ಯ ಓದಿ ನಗಬಹುದು. ನಮ್ಮಲ್ಲಿ ಉಳಿದ ಕಾಂಕ್ರೀಟ್ ಎಲ್ಲಿ ಸುರಿದ್ರೋ ಅದೇ ಹಂಪು. ಏಳು ಜನ ಕೂತ್ಕೊಂಡು ದಾಟೋ ಗಾಡೀಲಿ ನಾನೊಬ್ಬನೇ ಕೂತು, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸ್ತಾ, ಹಿಂದಿನ ಆಟೋದವರ ಹತ್ತಿರ ಬೈಸ್ಕೋತಾ ದಾಟ್ತಿದ್ದೆ. ಆಲ್ಟೋಗಳು ಪಕ್ಕದಿಂದ ಸುಯ್ಯಂತ ಹೋಗ್ತಿದ್ವು.

ಆಮೇಲೆ ವೀಲು. ಒಂದು ಶನಿವಾರ ಪೂರ್ತಿ ಜೆ.ಸಿ. ರೋಡಲ್ಲಿ ಅಲೆದೆ. ಅಂಗಡಿಯವರು ಮೊದಲು ಕೇಳೋದು "ಎಷ್ಟು ಇಂಚು ಸಾರ್?" ಅಷ್ಟೇ. ಬೋಲ್ಟ್ ಅಂತರ, ಆಫ್‌ಸೆಟ್, ಹಬ್ಬಿನ ತೂತಿನ ಅಳತೆ ಅಂತ ನಾನು ಶುರು ಮಾಡಿದ್ರೆ, "ಕೂರುತ್ತೆ ಬನ್ನಿ ಸಾರ್" ಅಂತಿದ್ರು. ಕೂರೋದೇ ಬೇರೆ, ಸರಿಯಾಗಿ ಕೂರೋದೇ ಬೇರೆ ಅನ್ನೋದು ಅವರ ವ್ಯಾಪಾರದಲ್ಲಿ ಬರಲ್ಲ. ಕಂಪನಿ ಟೈರು 235/70 ಆರ್ 16. ಅಗಲ 235 ಮಿಲಿಮೀಟರ್, ಅದರ ಶೇಕಡಾ 70 ಪಕ್ಕದ ಗೋಡೆ, 16 ಇಂಚಿನ ರಿಮ್ಮು. ಲೆಕ್ಕ ಹಾಕಿದ್ರೆ ಪೂರ್ತಿ ಎತ್ತರ 735 ಮಿಲಿಮೀಟರ್. 255/55 ಆರ್ 18 ಹಾಕಿದ್ರೆ 738. 255/45 ಆರ್ 20 ಹಾಕಿದ್ರೂ 738ರ ಹತ್ತಿರವೇ. ಸ್ಪೀಡೋಮೀಟರ್ ಸುಳ್ಳು ಹೇಳಲ್ಲ, ಬಾಡಿಗೆ ತಾಗಲ್ಲ. ಬದಲಾಗೋದು ರಬ್ಬರ್ ಗೋಡೆ: 164 ಇದ್ದದ್ದು 18ರಲ್ಲಿ 140, 20ರಲ್ಲಿ 115. ಮನಸ್ಸು 18 ಅಂತು, ಕಣ್ಣು 20 ಅಂತು. ಬೋನಸ್ ಬಂದಿತ್ತು. 20 ತಗೊಂಡೆ.

ವೀಲು ಟೈರು ಸೇರಿ ಒಂದು ಲಕ್ಷದ ನಲವತ್ತು ಸಾವಿರ. ಗೆಳೆಯನ ಪಾರ್ಸೆಲ್ ಆಫೀಸಿನ ತಕ್ಕಡೀಲಿ ಇಟ್ಟು ತೂಗಿದೆ. ಹಳೇದು 27 ಕೆಜಿ, ಹೊಸದು 33. ಒಂದೊಂದು ಚಕ್ರಕ್ಕೂ 6 ಕೆಜಿ ಹೆಚ್ಚು. ತಿರುಗೋ ತೂಕ ಇದು, ಎಂಜಿನ್ನೂ ತಿರುಗಿಸ್ಬೇಕು, ಬ್ರೇಕೂ ನಿಲ್ಲಿಸ್ಬೇಕು. ಇನ್ನೊಂದು ಮುಖ್ಯ ವಿಷಯ ಆಮೇಲೆ ಗಮನಿಸಿದೆ. ಟೈರಿನ ಮೇಲೆ ಅಳತೆ ಆದ್ಮೇಲೆ ಬರೆದಿರೋ ನಂಬರ್ ಹೊರೋ ಭಾರದ್ದು. ನನ್ನ ಹಳೇ ಟೈರಲ್ಲಿ 106, ಅಂದ್ರೆ 950 ಕೆಜಿ. ಹೊಸ ಟೈರಲ್ಲಿ 101, ಅಂದ್ರೆ 825 ಕೆಜಿ. ಸಾಮಾನು ತುಂಬಿದ ಎಸ್‌ಯುವಿಗೆ ಹೊಳೆಯೋ ಟೈರು ಹಾಕಿ, ಒಂದೊಂದರಲ್ಲೂ 125 ಕೆಜಿ ಹೊರೋ ಶಕ್ತಿ ಕಡಿಮೆ ಮಾಡ್ಕೊಂಡಿದ್ದೆ. ಯಾರೂ ಹೇಳಲಿಲ್ಲ. ನಾನೂ ನೋಡಲಿಲ್ಲ. ಸ್ಟೆಪ್ನಿಗೆ ದುಡ್ಡು ಸಾಲದೆ ಹಳೇ 16 ಇಂಚಿನ ಚಕ್ರವೇ ಹಿಂದಿನ ಬಾಗಿಲ ಮೇಲೆ ಉಳೀತು. ಹೊಸ ಬಟ್ಟೆ ಹಾಕಿದ ಮದುಮಗನ ಬೆನ್ನ ಮೇಲೆ ಹಳೇ ಕಂಬಳಿ ಇದ್ದ ಹಾಗೆ.

ಬ್ರೇಕಿಗೆ ಏನೂ ಮಾಡಲಿಲ್ಲ. ತೂತು ಕೊರೆದ ಡಿಸ್ಕ್ ಹಾಕಿ ಸಾರ್ ಅಂತ ಒಬ್ಬ ಅಂದ, ಅದು ನನ್ನ ಬಜೆಟ್ಟಲ್ಲಿರಲಿಲ್ಲ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ. ಆ ಕಾಲದಲ್ಲಿ ಎಬಿಎಸ್ ಕಡ್ಡಾಯ ಇರಲಿಲ್ಲ. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಕಡ್ಡಾಯ ಆಗಿದ್ದು 2019ರ ಏಪ್ರಿಲಿಂದ.

ಗಾಡಿ ತಗೊಂಡು ಊರಿಗೆ ಹೋದಾಗ ಅಪ್ಪ ಒಂದು ಸುತ್ತು ಬಂದ್ರು. ಟೈರಿಗೂ ಮೇಲಿನ ತಗಡಿಗೂ ಮಧ್ಯೆ ಕೈ ಇಟ್ಟು ಅಳೆದ್ರು. ಮೊದಲು ಮುಷ್ಟಿ ಕಟ್ಟಿ ನಿಲ್ಲಿಸಿದ್ರೂ ಹೋಗ್ತಿದ್ದ ಜಾಗದಲ್ಲಿ ಈಗ ನಾಲ್ಕು ಬೆರಳು.

"ಏನ್ಲಾ ಇದು, ಹೊಂಡದೊಳಗೆ ಮಲಗಿರೋ ಎಮ್ಮೆ ಕಂಡಂಗೆ ಕಾಣ್ತದಲ್ಲ."

"ಅಮ್ಮಂಗೆ ಹತ್ತೋಕೆ ಸುಲಭ ಆಗ್ಲಿ ಅಂತ ಅಪ್ಪ."

ಅವರು ಅಮ್ಮನ ಮುಖ ನೋಡಿದ್ರು, ಅಮ್ಮ ನನ್ನ ಮುಖ ನೋಡಿದ್ಲು. "ತೋಟದ ದಾರೀಲಿ ಹೋಯ್ತದಾ?" ಅಂತ ಕೇಳಿದ್ರು ಅಪ್ಪ. ಹೋಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅವರು ಮತ್ತೇನೂ ಮಾತಾಡಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

2024ರ ಅಕ್ಟೋಬರಲ್ಲಿ ಅಪ್ಪನ ಕಣ್ಣಿನ ಚೆಕಪ್ಪಿಗೆ ಅಂತ ಊರಿಂದ ಬೆಂಗಳೂರಿಗೆ ಹೊರಟಿದ್ವಿ. ನಾನು, ಅಪ್ಪ, ಇಬ್ಬರೇ. ಹೊಳೆನರಸೀಪುರ ಇನ್ನೂ ಸ್ವಲ್ಪ ದೂರ ಇತ್ತು. ಬೆಳಗಿನ ಹೊತ್ತು, ತುಂತುರು ಮಳೆ. ವೇಗ ಎಪ್ಪತ್ತರ ಆಸುಪಾಸು, ಜಾಸ್ತಿ ಇರಲಿಲ್ಲ. ಎಡಗಡೆ ತೋಟದ ಬೇಲಿ ಸಂದಿಯಿಂದ ಒಂದು ಕರು ಓಡಿ ಬಂತು. ಬ್ರೇಕ್ ತುಳಿದೆ. ಮುಂದಿನ ಚಕ್ರ ಹಿಡಿಯೋ ಮೊದಲೇ ಹಿಂದಿನ ಎರಡೂ ಚಕ್ರ ಕಚ್ಚಿಕೊಂಡ್ವು. ಗಾಡಿಯ ಬಾಲ ಬಲಕ್ಕೆ ಹೋಯ್ತು. ಆ ಒಂದು ಎರಡು ಸೆಕೆಂಡಲ್ಲಿ ನಾನು ನೋಡಿದ್ದು ಎದುರಿನ ರಸ್ತೆ ಅಲ್ಲ, ಅಪ್ಪನ ಕಿಟಕಿ ಆಚೆ ಮುಂದೆ ಮುಂದೆ ಬರ್ತಿದ್ದ ಹುಣಸೇಮರ. ಬ್ರೇಕ್ ಬಿಟ್ಟೆ, ಸ್ಟೇರಿಂಗ್ ತಿರುಗಿಸಿದೆ, ಏನು ಮಾಡಿದ್ನೋ ದೇವರಿಗೇ ಗೊತ್ತು... ಗಾಡಿ ರಸ್ತೆಗೆ ಅಡ್ಡಡ್ಡವಾಗಿ ನಿಂತಿತು. ಎದುರಿಂದ ಯಾವ ಗಾಡಿಯೂ ಬರ್ತಿರಲಿಲ್ಲ. ಕರು ದಾಟಿ ಹೋಗಿ ಹುಲ್ಲು ಮೇಯ್ತಿತ್ತು.

ಅಪ್ಪ ಬಾಗಿಲ ಮೇಲಿನ ಹಿಡಿ ಎರಡೂ ಕೈಯಲ್ಲಿ ಹಿಡ್ಕೊಂಡಿದ್ರು. ಬಹಳ ಹೊತ್ತು ಬಿಡಲಿಲ್ಲ.

ನಾನು ಮೊದಲು ಬೈದಿದ್ದು ಟೈರಿಗೆ. ಹೊಳೆನರಸೀಪುರದಲ್ಲಿ ಅಪ್ಪಂಗೆ ಗೊತ್ತಿರೋ ಒಬ್ಬ ಹಳೇ ಮೆಕ್ಯಾನಿಕ್ ಇದಾರೆ, ಜೀವನಪೂರ್ತಿ ಟೆಂಪೋ, ಲಾರಿ ಮಾಡಿದೋರು. ಅವರು ಗೋಣಿಚೀಲ ಹಾಸಿ ಗಾಡಿ ಕೆಳಗೆ ಮಲಗಿ, ಎರಡೇ ನಿಮಿಷಕ್ಕೆ "ಇಲ್ಲಿ ಬನ್ನಿ" ಅಂದ್ರು. ನಾನೂ ಆಫೀಸಿನ ಪ್ಯಾಂಟಲ್ಲೇ ಪಕ್ಕ ಮಲಗಿದೆ. ಚಾಸಿಸ್ಸಿಗೆ ಒಂದು ಸಣ್ಣ ವಾಲ್ವ್, ಅದರಿಂದ ಹಿಂದಿನ ಆಕ್ಸಲ್ಲಿಗೆ ಒಂದು ಸರಳು.

"ಇದು ಭಾರ ನೋಡೋ ವಾಲ್ವ್ ಸ್ವಾಮಿ. ಗಾಡಿ ಖಾಲಿ ಇದ್ರೆ ಹಿಂದ್ಗಡೆ ಎತ್ತರ ಇರ್ತದೆ, ಹಿಂದಿನ ಬ್ರೇಕಿಗೆ ಕಮ್ಮಿ ಆಯಿಲ್ ಒತ್ತಡ ಬಿಡ್ತದೆ. ಮೂಟೆ ಹಾಕಿದ್ರೆ ಕುಗ್ತದಲ್ಲ, ಆಗ ಜಾಸ್ತಿ ಬಿಡ್ತದೆ. ನೀವು ಸ್ಪ್ರಿಂಗ್ ಕುಯ್ಸಿದೀರಿ. ಇದಕ್ಕೇನು ಗೊತ್ತು? ಯಾವಾಗ್ಲೂ ಹತ್ತು ಮೂಟೆ ಐತೆ ಅನ್ಕಂಡೈತೆ."

ಯೋಚನೆ ಮಾಡಿ. ಜೋರಾಗಿ ಬ್ರೇಕ್ ಹಾಕಿದಾಗ ಭಾರ ಎಲ್ಲಾ ಮುಂದಕ್ಕೆ ಹೋಗಿ ಹಿಂದಿನ ಚಕ್ರ ಹಗುರ ಆಗುತ್ತೆ. ಅದೇ ಹೊತ್ತಿಗೆ ಈ ವಾಲ್ವ್ ಇಲ್ಲದ ಮೂಟೆಗಳ ಲೆಕ್ಕ ಹಿಡಿದು ಹಿಂದಕ್ಕೆ ಪೂರ್ತಿ ಒತ್ತಡ ಕಳಿಸುತ್ತೆ. ಚಕ್ರ ಕಚ್ಚಿಕೊಳ್ಳುತ್ತೆ. ತಿರುಗದ ಚಕ್ರಕ್ಕೆ ಪಕ್ಕಕ್ಕೆ ಜಾರೋದನ್ನ ತಡೆಯೋ ಶಕ್ತಿ ಇರಲ್ಲ. ಬಾಲ ಮುಂದೆ ಬರುತ್ತೆ. ದಿನವಿಡೀ ನಾನು ಆಫೀಸಲ್ಲಿ ಮಾಡೋ ಕೆಲಸ ಇದೇ ರೀ... ಒಂದು ಕಡೆ ಕೋಡ್ ಬದಲಾಯಿಸಿದ್ರೆ ಅದನ್ನ ನಂಬಿಕೊಂಡಿರೋದು ಇನ್ನೇನೇನಿದೆ ಅಂತ ಹುಡುಕೋದು. ಅದಕ್ಕೆ ಸಂಬಳ ತಗೋತೀನಿ. ನನ್ನಪ್ಪನ್ನ ಕೂರಿಸ್ಕೊಂಡು ಹೋಗೋ ಗಾಡಿಗೆ ಅದನ್ನ ಮಾಡಲಿಲ್ಲ.

ಆ ಮೆಕ್ಯಾನಿಕ್ಕು ಬ್ರೇಕ್ ಆಯಿಲ್ ಡಬ್ಬ ತೆಗೆದು ನೋಡಿ ಇನ್ನೊಂದು ತಪ್ಪು ತೋರಿಸಿದ್ರು. ಕಪ್ಪಗೆ ಕಾಫಿ ಡಿಕಾಕ್ಷನ್ ಥರ ಇತ್ತು. ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಶಿರಾಡಿ ಘಾಟಿ ಇಳಿಯುವಾಗ ಕುದ್ದರೆ ಪೆಡಲ್ ಬೆಣ್ಣೆ ತುಳಿದ ಹಾಗೆ. ಒಂದು ಲಕ್ಷ ನಲವತ್ತು ಸಾವಿರದ ವೀಲು ಹಾಕಿದವನು ಕೆಲವು ನೂರು ರೂಪಾಯಿಯ ಆಯಿಲ್ ಬದಲಾಯಿಸಿರಲಿಲ್ಲ!

ವಾಲ್ವಿನ ಸರಳು ಸರಿ ಮಾಡಿ ಕೊಟ್ರು, ಹೊಸ ಆಯಿಲ್ ಹಾಕಿದ್ರು. ಅಪ್ಪ ಅಷ್ಟು ಹೊತ್ತೂ ಆಚೆ ಕಲ್ಲಿನ ಮೇಲೆ ಕೂತು ಟೀ ಕುಡೀತಿದ್ರು. ಗಾಡಿ ರೆಡಿ ಅಂದಾಗ ಎದ್ದು, "ನೀನು ನಿಧಾನಕ್ಕೆ ಬಾ ಮಗ, ನಾನು ಬಸ್ಸಲ್ಲಿ ಹೋಗಿರ್ತೀನಿ" ಅಂದ್ರು. ಸಿಟ್ಟಿಲ್ಲ, ಏನಿಲ್ಲ. ಪಂಚೆ ಕೊಡವಿ ಬಸ್ ಸ್ಟ್ಯಾಂಡ್ ಕಡೆ ನಡೆದೇ ಬಿಟ್ರು. ಚನ್ನರಾಯಪಟ್ಟಣದವರೆಗೂ ನಾನು ಅವರಿದ್ದ ಬಸ್ಸಿನ ಹಿಂದೆಯೇ ಗಾಡಿ ಓಡಿಸಿದೆ. ಹಿಂದಿನ ಗಾಜಲ್ಲಿ ಅವರ ತಲೆ ಕಾಣುತ್ತಾ ಅಂತ ನೋಡ್ತಾ.

ಬೆಂಗಳೂರಿಗೆ ಬಂದವನೇ ಎಲ್ಲಾ ವಾಪಸ್ ಮಾಡೋಕೆ ನಿಂತೆ. ಹೊಸ ಹಿಂದಿನ ಸ್ಪ್ರಿಂಗ್ ಜೊತೆ, ಹೊಸ ಶಾಕು, ಟಾರ್ಷನ್ ಬಾರ್ ಬೋಲ್ಟ್ ಮತ್ತೆ ಹಳೇ ಅಳತೆಗೆ, ವೀಲ್ ಅಲೈನ್‌ಮೆಂಟು. 20 ಇಂಚಿನ ವೀಲಲ್ಲಿ ಒಂದು ಆಗಲೇ ಹೊಸ ರೋಡ್ ಹತ್ತಿರದ ಹಳ್ಳಕ್ಕೆ ಬಿದ್ದು ಬಗ್ಗಿತ್ತು, ಉಳಿದ ಮೂರನ್ನ ಕೊಳ್ಳೋರು ಯಾರು? ಕೊನೆಗೆ ನಾಲ್ಕಕ್ಕೂ ಸೇರಿ ಮೂವತ್ತೆಂಟು ಸಾವಿರ ಬಂತು. ಹಳೇ ರಿಮ್ಮಿಗೆ ಹೊಸ 235/70 ಹಾಕಿಸಿದೆ. ಕತ್ತರಿಸಿದ ಸ್ಪ್ರಿಂಗ್ ತುಂಡು ಒಂದನ್ನ ಆಫೀಸ್ ಮೇಜಿನ ಮೇಲೆ ಇಟ್ಕೊಂಡಿದೀನಿ, ಪೇಪರ್ ವೆಯ್ಟ್.

ಕಾನೂನಿನ ವಿಷಯ ಕೇಳೋರಿಗೆ ಒಂದು ಮಾತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ ಹೇಳಿದೆ. ಅದೇ ವರ್ಷ ಬಂದ ತಿದ್ದುಪಡೀಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ ಐದು ಸಾವಿರ ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಅಂದ್ರೆ ನನ್ನ ಶೋಕಿಗೆ ಕಾನೂನಿನ ಪ್ರಕಾರ ಅವರೇ ಜವಾಬ್ದಾರಿ. ಇದೂ ನಂಗೆ ಆಮೇಲೆ ಹೊಳೆದಿದ್ದು.

ಈಗ ಅಪ್ಪ ಬಂದಿರೋದೂ ಆ ಆರ್‌ಸಿಗೇ. 2011ರ ಗಾಡಿ, 15 ವರ್ಷ ತುಂಬುತ್ತೆ, ಹಾಸನದ ಆರ್‌ಟಿಓದಲ್ಲಿ ತೋರಿಸಿ ಇನ್ನೈದು ವರ್ಷಕ್ಕೆ ಮಾಡಿಸ್ಕೋಬೇಕು. ಗಾಡಿಯನ್ನೇ ಅಲ್ಲಿ ತಗೊಂಡು ಹೋಗಿ ನಿಲ್ಲಿಸ್ಬೇಕು, ಅಪ್ಪನ ಸಹಿ ಬೇಕು. ಗುಜರಿಗೆ ಹಾಕಿಬಿಡೋಣ್ವಾ ಅಂತ ಫೋನಲ್ಲಿ ಕೇಳಿದ್ದೆ, "ಹಂಗೆಲ್ಲ ಬಾಯಿಗೆ ಬಂದಂಗೆ ಮಾತಾಡ್ಬ್ಯಾಡ" ಅಂದಿದ್ರು.

ನಿನ್ನೆ ಸಂಜೆ ಬಂದವರು ಕೈಕಾಲು ತೊಳ್ಕೊಂಡು ಕಾಫಿ ಕುಡಿದು, ಹೇಳದೇ ಕೇಳದೇ ಕೆಳಗಿಳಿದ್ರು. ಬಾಲ್ಕನಿಯಿಂದ ನೋಡ್ತಿದ್ದೆ. ಗಾಡಿಗೆ ಒಂದು ಸುತ್ತು ಬಂದ್ರು. ಹಿಂದಿನ ಬಂಪರ್ ಮೇಲೆ ಕೈಯಿಟ್ಟು ಒತ್ತಿ ಬಿಟ್ರು. ಆಮೇಲೆ ಬಗ್ಗಿ, ಟೈರಿನ ಮೇಲೆ ಮುಷ್ಟಿ ಕಟ್ಟಿ ನಿಲ್ಲಿಸಿದ್ರು. ಹೋಯ್ತು.

ಮೇಲೆ ಬಂದು ಟೀವಿ ಹಾಕ್ಕೊಂಡು ಕೂತ್ರು. ಬೆಳಿಗ್ಗೆ ಐದೂವರೆಗೆ ಹೊರಟ್ರೆ ನೈಸ್ ರೋಡ್ ಖಾಲಿ ಇರುತ್ತೆ ಅಪ್ಪ ಅಂದೆ. "ಹೂಂ" ಅಂದ್ರು. ಅದು ಗಾಡಿಗೆ ಹೂಂ ಅಂದಿದ್ದೋ, ನನ್ನ ಮಾತು ಕೇಳಿಸ್ತು ಅಂದಿದ್ದೋ ಗೊತ್ತಾಗಲಿಲ್ಲ. ಇವತ್ತು ರಾತ್ರಿ ಡೀಸೆಲ್ ತುಂಬಿಸಿ, ಟೈರಿಗೆ ಗಾಳಿ ನೋಡಿಸಿ ಬಂದಿದೀನಿ. ಮೆಜೆಸ್ಟಿಕ್ಕಿಂದ ಹಾಸನಕ್ಕೆ ಮೊದಲ ಬಸ್ಸು ಎಷ್ಟೊತ್ತಿಗೆ ಅಂತಾನೂ ಅವರು ವಾಚ್‌ಮನ್ ಹತ್ತಿರ ವಿಚಾರಿಸಿದಾರಂತೆ. ನಾಳೆ ಬೆಳಿಗ್ಗೆ ನೋಡ್ಬೇಕು.